ಟ್ಯಾಂಜರೀನ್ಸ್: ಒಂದೇ ಸೂರಿನಡಿ ಇಬ್ಬರು ಶತ್ರುಗಳು

ಯುದ್ಧದ ಚಿತ್ರವೆಂದರೆ ಎದ್ದು ಹೋಗುವ ನಮ್ಮ ಅಮ್ಮನೂ ಕೊನೆಯವರೆಗೆ ಕುಳಿತು ನೋಡಿದ ಸಿನಿಮಾ ಇದು. ಜಾಜಾ ಉರುಶಾಡ್ಜೆ ನಿರ್ದೇಶನದ, 2013ರ ಚಿತ್ರ. ಎಸ್ಟೋನಿಯಾದ ಪರವಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ಕಥೆ ನಡೆಯುವುದು 1992ರಲ್ಲಿ, ಜಾರ್ಜಿಯಾದಿಂದ ಬೇರೆಯಾಗಲು ಯುದ್ಧಕ್ಕಿಳಿದಿದ್ದ ಅಬ್ಖಾಜಿಯಾ ಪ್ರದೇಶದಲ್ಲಿ. ಎಸ್ಟೋನಿಯಾ ಮೂಲದವರ ಹಳ್ಳಿ ಬಹುತೇಕ ಖಾಲಿಯಾಗಿದೆ. ಉಳಿದವರಲ್ಲಿ ಹಣ್ಣಿನ ಪೆಟ್ಟಿಗೆ ಮಾಡುವ ಮುದುಕ ಇವೊ, ಮಾಗಿದ ಕಿತ್ತಳೆಯನ್ನು ಬಿಟ್ಟು ಹೋಗಲಾರದ ನೆರೆಯವ ಮಾರ್ಗಸ್. ಮನೆಯೆದುರೇ ಗುಂಡಿನ ಚಕಮಕಿ ನಡೆದು, ಅಬ್ಖಾಜಿಯಾದ ಪರ ಹೋರಾಡುವ ಚೆಚೆನ್ಯಾದ ಬಾಡಿಗೆ ಸೈನಿಕ ಅಹ್ಮದ್ ಮತ್ತು ಜಾರ್ಜಿಯಾದ ಸೈನಿಕ ನಿಕಾ ಗಾಯಗೊಳ್ಳುತ್ತಾರೆ. ಇವೊ ಇಬ್ಬರನ್ನೂ ತನ್ನ ಮನೆಯಲ್ಲೇ ಮಲಗಿಸುತ್ತಾನೆ.

ನಿಕಾನನ್ನು ಕೊಂದೇ ತೀರುತ್ತೇನೆ ಎನ್ನುತ್ತಾನೆ ಅಹ್ಮದ್. ಈ ಮನೆಯೊಳಗೆ ಕೊಲ್ಲುವುದಿಲ್ಲವೆಂದು ಇವೊ ಅವನಿಂದ ಮಾತು ಪಡೆಯುತ್ತಾನೆ. ಇಡೀ ಚಿತ್ರ ನಿಂತಿರುವುದು ಆ ಮಾತಿನ ಮೇಲೆ. ಸ್ನೇಹ ದಿಢೀರನೆ ಹುಟ್ಟುವುದಿಲ್ಲ, ಅಪ್ಪುಗೆ, ಕಣ್ಣೀರು ಯಾವುದೂ ಇಲ್ಲ. ಊಟದ ಮೇಜಿನ ಬಳಿ ದುರುಗುಟ್ಟುವಿಕೆ, ಕೆಣಕು ಮಾತು, ಚಹಾ; ನಡುವೆ ನಿಕಾ ಕೆಟ್ಟ ಕ್ಯಾಸೆಟ್ಟಿನ ಟೇಪನ್ನು ತಾಳ್ಮೆಯಿಂದ ಸರಿಪಡಿಸುತ್ತ ಕೂರುತ್ತಾನೆ. ಕೈಗೆ ಕೆಲಸ ಸಿಕ್ಕಿದಾಗ ಅವನ ಮುಖ ಹೇಗೆ ಸಡಿಲಾಗುತ್ತದೆ, ನೋಡಿ! ಆ ದೃಶ್ಯ ನನಗೆ ಬಹಳ ಇಷ್ಟ.

ಹಿನ್ನೆಲೆಯ ಒಂದೇ ರಾಗ ಮತ್ತೆ ಮತ್ತೆ ಬರುತ್ತದೆ. ರಾಗ ಚೆಂದವೇ, ಆದರೆ ಕೆಲವು ಕಡೆ ಮೌನವೇ ಸಾಕಿತ್ತು. ಇವೊ ಪಾತ್ರದ ಲೆಂಬಿತ್ ಉಲ್ಫ್ಸಾಕ್ ಮಾತ್ರ ಒಂದು ದೃಶ್ಯದಲ್ಲೂ ದನಿ ಹೆಚ್ಚಿಸಿ ಅತಿಯಾಗಿ ನಟಿಸಿಲ್ಲ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಮನೆಮಂದಿಯೊಂದಿಗೆ ನೋಡಿ.