ಗಡ್ಡೆಯ 21 ಜೀನ್ ಟೆಸ್ಟ್: ಉಪಯೋಗವಾಯಿತು, ರಿಪೋರ್ಟ್ ಮಾತ್ರ ಕಗ್ಗಂಟು

ಅಕ್ಕನ ಸ್ತನದ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಈ ಟೆಸ್ಟ್ ಮಾಡಿಸಿದೆವು. ಮತ್ತೆ ಸೂಜಿ ಚುಚ್ಚಲಿಲ್ಲ. ಆಪರೇಷನ್‌ನಲ್ಲಿ ತೆಗೆದು ಮೇಣದಲ್ಲಿಟ್ಟಿದ್ದ ತುಂಡೇ ಸಾಕಾಯಿತು. ಹುಟ್ಟಿನಿಂದ ಬಂದ ದೋಷ ಹುಡುಕುವ ಟೆಸ್ಟ್ ಇದಲ್ಲ. ಗಡ್ಡೆಯೊಳಗೆ ಯಾವ ಜೀನ್ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಎಂದು ಅಳೆಯುತ್ತದೆ. ಕೆಐ-67 ಥರದ ಜೀನ್‌ಗಳ ಕೆಲಸ ಜಾಸ್ತಿಯಿದ್ದರೆ ಕೋಶಗಳು ಬೇಗಬೇಗ ಎರಡಾಗುತ್ತಿವೆ ಎಂದರ್ಥ. ಅಕ್ಕಪಕ್ಕಕ್ಕೆ ನುಗ್ಗಲು ದಾರಿ ಮಾಡಿಕೊಡುವ ಜೀನ್‌ಗಳೂ ಪಟ್ಟಿಯಲ್ಲಿವೆ. 5 ಜೀನ್ ಬರೀ ಹೋಲಿಕೆಗೆ.

ಅಂಕ 0ರಿಂದ 100. ಕಡಿಮೆ ಬಂದಷ್ಟೂ ಒಳ್ಳೆಯದು. ಅಕ್ಕನದು ಹಾರ್ಮೋನ್ ತಡೆಯುವ ಮಾತ್ರೆಗೆ ಬಗ್ಗುವ ಗಡ್ಡೆ, ಕಂಕುಳಿನ ಗ್ರಂಥಿಗೆ ಹರಡಿರಲಿಲ್ಲ. ವಯಸ್ಸು 58, ಅಂಕ 17. ಕೀಮೋ ಬೇಡ, ಮಾತ್ರೆ ಸಾಕು ಎಂದರು ಡಾಕ್ಟರು.

ಬೇಜಾರು ಒಂದೇ. ರಿಪೋರ್ಟ್‌ನಲ್ಲಿದ್ದ ಗ್ರಾಫ್ ಓದುವುದು ಹೇಗೆಂದು ಯಾರೂ ಮೊದಲೇ ಹೇಳಲಿಲ್ಲ. ನೂರಕ್ಕೆ 17 ನೋಡಿ ಅಕ್ಕ, "ಫೇಲ್ ಅಲ್ವಾ ಇದು?" ಎಂದು ಅತ್ತೇಬಿಟ್ಟಳು.