ಕಂಠೀರವದ ಹತ್ತಿರವೋ, ಜ್ಞಾನಭಾರತಿಯ ಒಳಗೋ?

ಓದಿನ ಜೊತೆಗೆ ದೂರದ ಓಟವನ್ನೂ ಮುಂದುವರಿಸಬಯಸುವವರು ಬೆಂಗಳೂರಿನಲ್ಲಿ ಎಂಥ ಕಾಲೇಜನ್ನು ಆರಿಸಿಕೊಳ್ಳಬೇಕು? ಐದು ಸಾವಿರ, ಹತ್ತು ಸಾವಿರ ಮೀಟರ್ ಓಟವನ್ನು ಬಿಡದೆ ಭೌತಶಾಸ್ತ್ರ ಓದಬೇಕೆಂದಿದ್ದ ನಾನು ಬಿ.ಎಸ್‌ಸಿ.ಯನ್ನು ನಗರದ ನಡುವೆ, ಕಂಠೀರವದ ಹತ್ತಿರದ ಖಾಸಗಿ ಕಾಲೇಜೊಂದರಲ್ಲಿ, ಎಂ.ಎಸ್‌ಸಿ.ಯನ್ನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಮುಗಿಸಿದ್ದರಿಂದ ಎರಡೂ ಬಗೆಯ ದಿನಚರಿ ನನಗೆ ಪರಿಚಿತ.

ಮೊದಲನೆಯದರ ದೊಡ್ಡ ಆಕರ್ಷಣೆ ಕಂಠೀರವ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್. ಇಂಟರ್ವಲ್ ಅಭ್ಯಾಸಕ್ಕೆ (ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ವೇಗವಾಗಿ ಓಡುವುದು) 400 ಮೀಟರಿನ ಕರಾರುವಾಕ್ಕಾದ ಸುತ್ತು, ಬೆನ್ನಟ್ಟಲು ನಮಗಿಂತ ವೇಗದ ಓಟಗಾರರು, ಎರಡೂ ಅಲ್ಲಿ ಸಿಗುತ್ತವೆ; ಸಮೀಪದ ಕಬ್ಬನ್ ಪಾರ್ಕಿನ ಮಣ್ಣುದಾರಿ ನಿಧಾನದ ಓಟಕ್ಕೆ ಒದಗುತ್ತದೆ. ಆದರೆ ದೂರದ ಓಟಗಾರರಿಗೆ ಟ್ರ್ಯಾಕ್ ಬೇಕಾಗುವುದು ವಾರಕ್ಕೆ ಒಂದೆರಡು ದಿನ ಮಾತ್ರ. ಉಳಿದ ದಿನಗಳಲ್ಲಿ ಕಿಲೋಮೀಟರುಗಳನ್ನು ಕೂಡಿಸುವುದೇ ಕೆಲಸ. ತರಗತಿಗಳು ಬೇಗ ಆರಂಭವಾಗುತ್ತಿದ್ದುದರಿಂದ ಓಟ, ಸ್ನಾನ, ತಿಂಡಿ, ಬಸ್ಸು ಇವೆಲ್ಲಕ್ಕೂ ಬೇಕಾದ ಹೊತ್ತನ್ನು ನಿದ್ದೆಯಿಂದಲೇ ಕಡಿಯಬೇಕಾಗುತ್ತಿತ್ತು, ಮತ್ತು ನಿದ್ದೆಗೆಟ್ಟವರಿಗೆ ಮಧ್ಯಾಹ್ನದ ಪ್ರಯೋಗಾಲಯದಲ್ಲಿ ಸೂಕ್ಷ್ಮ ಅಳತೆಯ ವರ್ನಿಯರ್‌ನ ಗೆರೆಯೂ ನೆಟ್ಟಗೆ ಕಾಣುವುದಿಲ್ಲ.

ಜ್ಞಾನಭಾರತಿಯಲ್ಲಿ ಹಾಸ್ಟೆಲಿನ ಬಾಗಿಲಿನಿಂದಲೇ ಓಟ ಶುರುವಾಗುತ್ತದೆ. ಸಾವಿರ ಎಕರೆಗೂ ಮಿಕ್ಕ ಆ ಆವರಣದ ಮಣ್ಣುದಾರಿಗಳಲ್ಲಿ, ಮರಗಳ ನಡುವೆ, ಒಂದೇ ಸುತ್ತನ್ನು ಮತ್ತೆ ಮತ್ತೆ ಹಾಕದೆ ದೀರ್ಘ ಓಟ ಮುಗಿಸಬಹುದು. ಅಲ್ಲಿನ ಏರಿಳಿತವೇ ಕ್ರಾಸ್ ಕಂಟ್ರಿಗೆ ಕಾಲನ್ನು ಗಟ್ಟಿಗೊಳಿಸುತ್ತದೆ. ಮುಗಿಸಿ ಬಂದು, ಮೆಸ್ಸಿನಲ್ಲಿ ತಿಂದು, ವಿಭಾಗಕ್ಕೆ ನಡೆದೇ ಹೋಗಬಹುದಾಗಿದ್ದರಿಂದ ಓದಿಗೆ ಉಳಿದ ಸಮಯ ಗಣನೀಯ. ಕೊರತೆಯೆಂದರೆ ಜೊತೆಗಾರರದು: ಬಹುತೇಕ ಬೆಳಗುಗಳಲ್ಲಿ ಒಬ್ಬನೇ ಓಡುತ್ತಿದ್ದೆ. ಪಕ್ಕದಲ್ಲೇ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರವಿದ್ದರೂ ವಿಶ್ವವಿದ್ಯಾಲಯದ ಗುರುತಿನ ಚೀಟಿಯಿದ್ದ ಮಾತ್ರಕ್ಕೆ ಅಲ್ಲಿನ ಟ್ರ್ಯಾಕ್ ತಮಗೆ ಸಿಗುತ್ತದೆಂದು ಯಾರೂ ಎಣಿಸಬಾರದು. 2021ರಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿವರೆಗೆ ಬಂದ ಮೇಲೆ, ಜ್ಞಾನಭಾರತಿ ನಿಲ್ದಾಣದಲ್ಲಿ ಹತ್ತಿ, ರೈಲು ಬದಲಿಸದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಕಂಠೀರವ ತಲುಪುವುದು ಸಾಧ್ಯವಾಗಿದೆ.

ಹೀಗಾಗಿ ಓದನ್ನೂ ಗಂಭೀರವಾಗಿ ಪರಿಗಣಿಸುವ ದೂರದ ಓಟಗಾರರಿಗೆ ನಾನು ಹಸಿರು ಆವರಣ ಮತ್ತು ಹಾಸ್ಟೆಲನ್ನೇ ಸೂಚಿಸುತ್ತೇನೆ. 800 ಮೀಟರ್ ಓಡುವವರಾದರೆ ಕಂಠೀರವದ ನೆರೆ ಮೇಲು. ಎಂಜಿನಿಯರಿಂಗ್ ಬಯಸುವವರು ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಶೇ. 85ರ ಹಾಜರಾತಿ ನಿಯಮವನ್ನು ಮೊದಲೇ ಗಮನಿಸಬೇಕು. ಯಾವ ಕಾಲೇಜಾದರೂ, ಕ್ರೀಡಾ ಕೋಟಾದಡಿ ಸೇರುವ ಮುನ್ನ, ಗಾಜಿನ ಕಪಾಟಿನ ಪಾರಿತೋಷಕಗಳನ್ನು ತೋರಿಸುವ ದೈಹಿಕ ಶಿಕ್ಷಣ ನಿರ್ದೇಶಕರ ಜೊತೆಗೆ ವಿಭಾಗದ ಮುಖ್ಯಸ್ಥರನ್ನೂ ಕಂಡು, ಅಂತರ ವಿಶ್ವವಿದ್ಯಾಲಯ ಕೂಟದ ದಿನವೇ ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಬಿದ್ದರೆ ಮರುಪರೀಕ್ಷೆ ಕೊಡುತ್ತಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.