ಬ್ಯಾಕಪ್‌ಗಿಂತ ಮರುಸ್ಥಾಪನೆಗೆ ಒದಗುವ ಬಿಆರ್‌ಎಂಎಸ್

ಪೀಣ್ಯದ ನಮ್ಮ ಬಿಡಿಭಾಗಗಳ ಕಾರ್ಖಾನೆಯಲ್ಲಿ ದಾಸ್ತಾನು, ಖರೀದಿ, ರವಾನೆ ಎಲ್ಲವೂ ಜೆ.ಡಿ. ಎಡ್ವರ್ಡ್ಸ್ ಎಂಟರ್‌ಪ್ರೈಸ್‌ಒನ್ ತಂತ್ರಾಂಶದಲ್ಲೇ ನಡೆಯುತ್ತವೆ. ಅದಕ್ಕೆ ಆಧಾರ ಐಬಿಎಂ ಐ ಸರ್ವರ್. 1988ರಲ್ಲಿ ಬಂದ ಎಎಸ್/400ರ ವಂಶದ್ದು. ಹಳಬರ ಬಾಯಲ್ಲಿ ಈಗಲೂ ಅದೇ ಹೆಸರು. ಅದರ ಬ್ಯಾಕಪ್ ಹೊಣೆ ನನ್ನದಾದ್ದರಿಂದ ಬ್ಯಾಕಪ್, ಮರುಸ್ಥಾಪನೆ, ಟೇಪುಗಳ ಲೆಕ್ಕ ಮೂರನ್ನೂ ನೋಡಿಕೊಳ್ಳುವ ಐಬಿಎಂನ ತಂತ್ರಾಂಶ ಬಿಆರ್‌ಎಂಎಸ್ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ.

ಬರೀ ಬ್ಯಾಕಪ್ ಸಾಕೆನ್ನುವವರಿಗೆ ಸೇವ್ ಮೆನುವಿನ 21ನೇ ಆಯ್ಕೆಯೇ ಇದೆ. ಇಡೀ ಯಂತ್ರ ಟೇಪಿಗೆ ಇಳಿಯುತ್ತದೆ, ಅಷ್ಟು ಹೊತ್ತು ಬಳಕೆದಾರರೆಲ್ಲ ಹೊರಗಿರಬೇಕು. ಬಿಆರ್‌ಎಂಎಸ್‌ನ ಮಹತ್ವ ತಿಳಿಯುವುದು ಸರ್ವರನ್ನು ಬರಿದಾದ ಡಿಸ್ಕ್‌ನಿಂದ ಮತ್ತೆ ಎಬ್ಬಿಸುವಾಗ. ಬ್ಯಾಕಪ್ ಮುಗಿದ ಮೇಲೆ ಎಸ್‌ಟಿಆರ್‌ಆರ್‌ಸಿವೈಬಿಆರ್‌ಎಂ ಆದೇಶ ಕೊಟ್ಟರೆ ಮರುಸ್ಥಾಪನೆಯ ವರದಿ ಸಿದ್ಧವಾಗುತ್ತದೆ. ಮೊದಲು ಲೈಸೆನ್ಸ್ಡ್ ಇಂಟರ್ನಲ್ ಕೋಡ್ (ಯಂತ್ರದ ತಳಮಟ್ಟದ ತಂತ್ರಾಂಶ), ಬಳಿಕ ಆಪರೇಟಿಂಗ್ ಸಿಸ್ಟಮ್, ಬಿಆರ್‌ಎಂಎಸ್‌ನದೇ ಲೈಬ್ರರಿಗಳು (ಕಡತ, ಪ್ರೋಗ್ರಾಂಗಳನ್ನು ಇಡುವ ಸಂಗ್ರಹಗಳು), ಬಳಕೆದಾರರ ಪ್ರೊಫೈಲ್‌ಗಳು, ದತ್ತಾಂಶ, ಕೊನೆಯ ಭಾಗದಲ್ಲಿ ಯಾರು ಏನನ್ನು ಬಳಸಬಹುದೆಂಬ ಅಧಿಕಾರಗಳು. ಯಾವ ಹೆಜ್ಜೆಗೆ ಯಾವ ಟೇಪು ಎಂಬುದೂ ಅದರಲ್ಲಿದೆ. ಪ್ರತಿ ಹೆಜ್ಜೆಯ ಎದುರು ಆರಂಭದ ಮತ್ತು ಮುಗಿದ ಸಮಯ ಬರೆಯಲು ಖಾಲಿ ಗೆರೆಗಳು. ಮರುಸ್ಥಾಪನೆಯ ತಾಲೀಮಿನಲ್ಲಿ ನಮ್ಮ ಕಿರಿಯ ಸಹೋದ್ಯೋಗಿ ಆ ಗೆರೆಗಳನ್ನು ಪೆನ್ನಿನಲ್ಲಿ ತುಂಬುತ್ತಾ ಹೋದಳು. ಯಾವ ಹಂತ ಹೆಚ್ಚು ಹೊತ್ತು ತಿನ್ನುತ್ತದೆ ಎಂಬುದು ಆ ಹಾಳೆಗಳಿಂದಲೇ ಸ್ಪಷ್ಟವಾಯಿತು. ಆಡಳಿತ ಮಂಡಳಿಗೆ ನಾವು ತೋರಿಸುವುದೂ ಅದನ್ನೇ, ಊಹೆಯ ಗಂಟೆಗಳನ್ನಲ್ಲ.

ವರದಿ ಅದೇ ಯಂತ್ರದ ಸ್ಪೂಲ್‌ನಲ್ಲಿ, ಅಂದರೆ ಮುದ್ರಣಕ್ಕೆ ಕಾದಿರುವ ಸಾಲಿನಲ್ಲಿ, ಉಳಿದರೆ ಯಂತ್ರದ ಜೊತೆಗೇ ಹೋಗುತ್ತದೆ. ಪ್ರತಿ ಬ್ಯಾಕಪ್ ಬಳಿಕ ಮುದ್ರಿಸಿ, ಟೇಪುಗಳ ಜೊತೆ ಹೊರಗೆ ಕಳುಹಿಸಲೇಬೇಕು. ಇನ್ನೊಂದು ಮಿತಿ: ತನ್ನ ಮೂಲಕ ಉಳಿಸಿದ್ದು ಮಾತ್ರ ಬಿಆರ್‌ಎಂಎಸ್‌ಗೆ ಗೊತ್ತು. ಯಾರೋ ನೇರ ಆದೇಶದಿಂದ ಉಳಿಸಿದ ಲೈಬ್ರರಿಯಾಗಲಿ, ಏನೇನು ಉಳಿಸಬೇಕೆಂದು ಹೇಳುವ ಕಂಟ್ರೋಲ್ ಗುಂಪಿನಲ್ಲಿ ಸೇರಿಸದ ಹೊಸ ಲೈಬ್ರರಿಯಾಗಲಿ ವರದಿಯಲ್ಲಿ ಕಾಣುವುದಿಲ್ಲ.

ಎಂಟರ್‌ಪ್ರೈಸ್‌ಒನ್ ಇರುವವರು ಇಲ್ಲಿಗೇ ನಿಲ್ಲಿಸಬಾರದು. ಅದರ ಡಿಪ್ಲಾಯ್‌ಮೆಂಟ್ ಸರ್ವರ್ (ತಂತ್ರಾಂಶವನ್ನು ಉಳಿದ ಯಂತ್ರಗಳಿಗೆ ಹಂಚುವುದು) ವಿಂಡೋಸ್ ಮೇಲೆ ಇರುತ್ತದೆ. ಅದಕ್ಕೆ ಬೇರೆಯದೇ ಬ್ಯಾಕಪ್ ಬೇಕು. ಹೆಸರು ಬೇರೆಯಾದ ಯಂತ್ರದಲ್ಲಿ ಮರುಸ್ಥಾಪಿಸಿದರೆ ಜೆಡಿಇ.ಐಎನ್‌ಐ ಎಂಬ ಸಂರಚನಾ ಕಡತ, ದತ್ತಾಂಶ ಎಲ್ಲಿದೆ ಎಂದು ಹೇಳುವ ಡೇಟಾಸೋರ್ಸ್ ಕೋಷ್ಟಕಗಳು, ಯಾವ ಕೆಲಸ ಎಲ್ಲಿ ನಡೆಯಬೇಕೆಂದು ಹೇಳುವ ಒಸಿಎಂ ನಕ್ಷೆಗಳು ಹಳೆಯ ಹೆಸರನ್ನೇ ಹುಡುಕುತ್ತವೆ. ಈ ತಿದ್ದುಪಡಿಗಳ ಪಟ್ಟಿಯನ್ನು ಬಿಆರ್‌ಎಂಎಸ್ ಕೊಡುವುದಿಲ್ಲ. ಅದನ್ನು ನೀವೇ ಬರೆದಿಟ್ಟುಕೊಳ್ಳಬೇಕು, ಸಾಧ್ಯವಾದರೆ ಬದಲಿ ಯಂತ್ರಕ್ಕೂ ಹಳೆಯ ಹೆಸರನ್ನೇ ಕೊಡಿ.

ದಿನಕ್ಕೊಂದೇ ಟೇಪು ಇದ್ದರೆ, ಯಂತ್ರ ಹೋದಾಗ ಒಂದು ದಿನದ ವ್ಯವಹಾರ ಹೋಗಬಹುದು. ಅದು ಸಹಿಸಲಾಗದ ಕಡೆ ರಿಮೋಟ್ ಜರ್ನಲ್ ಆಧಾರಿತ ಪ್ರತಿಕೃತಿ, ಅಂದರೆ ಪ್ರತಿ ಬದಲಾವಣೆಯನ್ನೂ ಆಗಿಂದಾಗಲೇ ಇನ್ನೊಂದು ಯಂತ್ರಕ್ಕೆ ಕಳುಹಿಸುವ ವ್ಯವಸ್ಥೆ, ಬೇಕು. ಆದರೆ ತಪ್ಪಾಗಿ ಅಳಿಸಿದ ದಾಖಲೆಗಳು ಆ ಕಡೆಯೂ ಅಳಿಯುತ್ತವೆ, ಹಾಗಾಗಿ ಟೇಪನ್ನು ಬಿಡುವಂತಿಲ್ಲ.

ಬಿಆರ್‌ಎಂಎಸ್ ಕೊಳ್ಳುವ ಮುನ್ನ ಲೈಸೆನ್ಸ್ ಕೀಗಳ ವಿಚಾರ ಕೇಳಿಕೊಳ್ಳಿ. ಐಬಿಎಂನ ಕೀ ಬೇಕಾದ ಉತ್ಪನ್ನಗಳಿಗೆ ಹೊಸ ಯಂತ್ರದಲ್ಲಿ ಕೀ ಇಲ್ಲದೆಯೂ ಓಡುವ 70 ದಿನಗಳ ವಿನಾಯಿತಿ ಅವಧಿ ಸಿಗುತ್ತದೆ. ಇತರ ತಂತ್ರಾಂಶಗಳಲ್ಲಿ ಹಲವು ಯಂತ್ರದ ಸರಣಿ ಸಂಖ್ಯೆಗೆ ಕಟ್ಟಿಹಾಕಿದಂಥವು. ಅವುಗಳ ತುರ್ತು ಕೀಯನ್ನು ಈಗಲೇ ಬರಹದಲ್ಲಿ ಪಡೆದು ವರದಿಯ ಜೊತೆ ಇಡಿ.